ಸಂಕಟದಲ್ಲಿ ಭರವಸೆ: ದೇವರ ಸತ್ಯಸಂಧತೆ ಮತ್ತು ನಮ್ಮ ಹಿರಿಯರ ಸೆರೆವಾಸ

ಕನಕಪುರ ತಾಲ್ಲೂಕಿನ ಕಬ್ಬಾಳು ಇಂದು ಕಬ್ಬಾಳಮ್ಮನ ದೇವಸ್ಥಾನದಿಂದ ನಾಡಿಗೆಲ್ಲ ಪರಿಚಿತ. ಆ ಊರಿನ ಕಡಿದಾದ ಬಂಡೆಬೆಟ್ಟವೇ ಕಬ್ಬಾಳದುರ್ಗ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಈ ಕೋಟೆ ಸೆರೆಮನೆಯಾಗಿತ್ತು. ಕೆಟ್ಟ ಹವೆ ಮತ್ತು ಕೆಟ್ಟ ನೀರಿನಿಂದಾಗಿ ಇಲ್ಲಿಗೆ ಕಳುಹಿಸಿದ ಕೈದಿಗಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ ಎಂದು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ.

ಕರಾವಳಿಯ ಕಥೋಲಿಕರಾದ ನಮಗೆ ಈ ಬೆಟ್ಟದ ನೆನಪು ಏಕೆ ಬೇಕು? ಇದೇ ರಾಜ್ಯದಲ್ಲಿ, ಇದೇ ಕಾಲದಲ್ಲಿ, ಇಲ್ಲಿಂದ ಪಶ್ಚಿಮಕ್ಕಿರುವ ಶ್ರೀರಂಗಪಟ್ಟಣದಲ್ಲಿ ನಮ್ಮ ಹಿರಿಯರು ಹದಿನೈದು ವರ್ಷ ಸೆರೆಯಲ್ಲಿದ್ದರು. ಸಂಕಟದಲ್ಲಿ ದೇವರು ಕೈಬಿಡುತ್ತಾರೆಯೇ ಎಂಬ ಪ್ರಶ್ನೆ ಅವರಿಗೆ ಬರಿಯ ಧ್ಯಾನಕೂಟದ ವಿಷಯವಾಗಿರಲಿಲ್ಲ.

ಸೆರೆವಾಸದ ಹದಿನೈದು ವರ್ಷಗಳು

1784ರ ಫೆಬ್ರವರಿ ಕೊನೆಯ ವಾರದಲ್ಲಿ, ವಿಭೂತಿ ಬುಧವಾರದ ಸುಮಾರಿಗೆ, ಕೆನರಾ ಪ್ರದೇಶದ ಕ್ರೈಸ್ತರನ್ನು ಒಟ್ಟಿಗೆ ಬಂಧಿಸಲಾಯಿತು. ಎರಡನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇವರು ಇಂಗ್ಲಿಷರಿಗೆ ನೆರವಾದರು ಎಂಬುದು ಟಿಪ್ಪು ಸುಲ್ತಾನನ ಆರೋಪವಾಗಿತ್ತು. ಬಂಧಿತರ ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. ಅಂದಾಜುಗಳು 30 ಸಾವಿರದಿಂದ 80 ಸಾವಿರದವರೆಗೆ ಇವೆ. 60 ಸಾವಿರ ಎಂಬುದು ಹೆಚ್ಚಾಗಿ ಉಲ್ಲೇಖವಾಗುವ ಸಂಖ್ಯೆ. ಆಸ್ತಿ ಮುಟ್ಟುಗೋಲಾಯಿತು. ಧರ್ಮಗುರುಗಳನ್ನು ಹೊರಗಟ್ಟಲಾಯಿತು. 1568ರ ರೊಜಾರಿಯೊ, 1680ರ ಮಿಲಾಗ್ರಿಸ್ ಸೇರಿದಂತೆ ದೇವಾಲಯಗಳು ನೆಲಸಮವಾದವು.

ಮಕ್ಕಳು ಮುದುಕರೆನ್ನದೆ ಎಲ್ಲರನ್ನೂ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲೇ ಅನೇಕರು ಸತ್ತರು. ಅಲ್ಲಿ ಯುವಕರನ್ನು ಬಲವಂತವಾಗಿ ಮತಾಂತರಿಸಿ ಸೇನೆಯ ದಳಗಳಿಗೆ ಸೇರಿಸಲಾಯಿತು. ಕುಟುಂಬಗಳು ಚದುರಿದವು. ಹಸಿವು, ರೋಗ ಮತ್ತು ಶಿಕ್ಷೆಗಳಿಂದ ಜನಸಂಖ್ಯೆ ಕರಗಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದಾಗ ಬದುಕುಳಿದಿದ್ದವರು ಬಂಧಿತರಲ್ಲಿ ಒಂದು ಸಣ್ಣ ಪಾಲು ಮಾತ್ರ.

ಇಷ್ಟನ್ನು ಹೇಳುವಾಗ ಇನ್ನೆರಡು ಸಂಗತಿಗಳನ್ನೂ ಹೇಳಲೇಬೇಕು. ಮೂಡುಬಿದಿರೆಯ ಚೌಟ ಅರಸರ ಬೇಡಿಕೆಯಿಂದ ಹೊಸಬೆಟ್ಟು ದೇವಾಲಯ ಉಳಿಯಿತು. ತಪ್ಪಿಸಿಕೊಂಡು ಕೊಡಗಿಗೆ ಬಂದವರಿಗೆ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟನು. 1792ರ ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ ಆ ಆಶ್ರಯದ ಗುರುತು. ದೇವರು ತಮ್ಮ ಮಾತನ್ನು ಉಳಿಸಿಕೊಂಡಾಗ ಜೈನ ಅರಸನ ಕೈಯನ್ನೂ ವೀರಶೈವ ಅರಸನ ಕೈಯನ್ನೂ ಬಳಸಿದರು. ಆದ್ದರಿಂದ ಈ ಇತಿಹಾಸವನ್ನು ನೆರೆಯವರ ಮೇಲಿನ ದ್ವೇಷಕ್ಕೆ ಬಳಸುವುದು ನಮ್ಮ ಹಿರಿಯರಿಗೆ ಮಾಡುವ ಅನ್ಯಾಯವಾಗುತ್ತದೆ.

ಬಾಗಿದವರ ಪ್ರಶ್ನೆ

ಪ್ರವಚನಗಳಲ್ಲಿ ನಾವು ಸಾಮಾನ್ಯವಾಗಿ ದೃಢವಾಗಿ ನಿಂತವರ ಕಥೆಯನ್ನೇ ಹೇಳುತ್ತೇವೆ. ಆದರೆ ಸೆರೆಯಲ್ಲಿದ್ದ ಸಾವಿರಾರು ಜನರು ಒತ್ತಡಕ್ಕೆ ಬಾಗಿದರು. ಹೆಸರು ಬದಲಾಯಿತು, ಉಡುಗೆ ಬದಲಾಯಿತು, ಪ್ರಾರ್ಥನೆ ನಿಂತಿತು. ಅವರ ನಡುವೆ ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಬೆಳೆದ ಮಕ್ಕಳಿದ್ದರು. ದೇವರ ಸತ್ಯಸಂಧತೆ ಇವರಿಗೂ ಇತ್ತೇ?

ಇತಿಹಾಸವೇ ಉತ್ತರ ಕೊಡುತ್ತದೆ. 1799ರ ನಂತರ ಫ್ರಾನ್ಸಿನ ಧರ್ಮಗುರು ಅಬ್ಬೆ ದ್ಯುಬುವಾ ಶ್ರೀರಂಗಪಟ್ಟಣಕ್ಕೆ ಬಂದು ಚದುರಿದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದರು. ಬಲವಂತದಿಂದ ಮತ ಬಿಟ್ಟವರಿಗೆ ಧರ್ಮಸಭೆಯ ಬಾಗಿಲು ತೆರೆದಿತ್ತು. 1823ರವರೆಗೂ ಅವರು ಮೈಸೂರು ಸೀಮೆಯಲ್ಲಿದ್ದರು. ಸಿಡುಬಿನ ಲಸಿಕೆಯನ್ನು ಜನರಿಗೆ ತಲುಪಿಸಲು ದುಡಿದರು. ಕರಾವಳಿಗೆ ಮರಳಿದವರು ಮನೆ ಕಟ್ಟಿದರು, ಗದ್ದೆ ಬಿತ್ತಿದರು, ದೇವಾಲಯಗಳನ್ನು ಮತ್ತೆ ಎಬ್ಬಿಸಿದರು. ಮಿಲಾಗ್ರಿಸ್ 1811ರಲ್ಲಿ, ರೊಜಾರಿಯೊ 1813ರಲ್ಲಿ ಪುನಃ ನಿರ್ಮಾಣಗೊಂಡವು. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ 1763ರಲ್ಲಿ ಫಾದರ್ ಜೋಕಿಮ್ ಮಿರಾಂದ ಆರಂಭಿಸಿದರೆಂದು ಸಂಪ್ರದಾಯ ಹೇಳುವ ಮೊಂತಿ ಹಬ್ಬವನ್ನು ನಾವು ಇಂದಿಗೂ ಸೆಪ್ಟೆಂಬರ್ 8ರಂದು ಹೊಸ ತೆನೆಯೊಂದಿಗೆ ಆಚರಿಸುತ್ತೇವೆ.

ಭರವಸೆ ಎಂದರೆ ನಮ್ಮ ಮನೋಬಲವಲ್ಲ. ಮನೋಬಲ ಮುರಿದ ಮೇಲೂ ದೇವರು ಮಾತು ಮುರಿಯುವುದಿಲ್ಲ ಎಂಬುದೇ ಭರವಸೆ. ನಾವು ಅಪನಂಬಿಗಸ್ತರಾದರೂ ದೇವರು ತಮ್ಮ ಸ್ವಭಾವಕ್ಕೆ ವಿರುದ್ಧವಾಗಲಾರರು ಎಂದು ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೇ ಪತ್ರದಲ್ಲಿ ಕಲಿಸುವುದು ಇದನ್ನೇ.

ಪವಿತ್ರ ಗ್ರಂಥ ಕಲಿಸುವುದೇನು?

ನಾವು ಪ್ರತಿದಿನ ಹೇಳುವ 'ಆಮೆನ್' ಎಂಬ ಪದವೂ ದೇವರ ಸತ್ಯಸಂಧತೆಯನ್ನು ಸೂಚಿಸುವ ಹೀಬ್ರೂ ಪದವೂ ಒಂದೇ ಮೂಲದವು. ಅಲುಗಾಡದೆ ನಿಲ್ಲುವುದು, ಭಾರ ಹಾಕಿದರೂ ಕುಸಿಯದಿರುವುದು ಎಂಬುದು ಆ ಮೂಲದ ಅರ್ಥ. ಹೀಗಾಗಿ ಆಮೆನ್ ಎಂದಾಗ ನಾವು ನಮ್ಮ ಭಾರವನ್ನು ದೇವರ ಮೇಲೆ ಹಾಕುತ್ತೇವೆ.

ಕ್ರಿಸ್ತಪೂರ್ವ 587ರ ಸುಮಾರಿಗೆ ಜೆರುಸಲೇಮ್ ನಾಶವಾಗಿ ಜನರು ಬಾಬಿಲೋನಿಗೆ ಸೆರೆಹೋದಾಗ ಹುಟ್ಟಿದ ಪ್ರಲಾಪಗಳ ಗ್ರಂಥದಲ್ಲಿ ಐದು ಅಧ್ಯಾಯಗಳಿವೆ. ಅವುಗಳಲ್ಲಿ ಹೆಚ್ಚಿನ ಭಾಗ ಅಳುವೇ. ದೇವರ ಕರುಣೆ ದಿನದಿನವೂ ಹೊಸದಾಗುತ್ತದೆ ಎಂಬ ನಂಬಿಕೆ ನಟ್ಟನಡುವೆ, ಮೂರನೇ ಅಧ್ಯಾಯದಲ್ಲಿ ಬರುತ್ತದೆ. ಆಮೇಲೂ ಅಳು ಮುಂದುವರಿಯುತ್ತದೆ. ಕಣ್ಣೀರು ವಿಶ್ವಾಸದ ಕೊರತೆಯಲ್ಲ ಎಂಬುದನ್ನು ಈ ಗ್ರಂಥದ ರಚನೆಯೇ ತೋರಿಸುತ್ತದೆ. ಶಿಲುಬೆಯ ಮೇಲೆ ಯೇಸುಸ್ವಾಮಿ 22ನೇ ಕೀರ್ತನೆಯ ಮೊರೆಯನ್ನೇ ತಮ್ಮದಾಗಿಸಿಕೊಂಡರು. ತಂದೆ ಅವರನ್ನು ಮರಣದಿಂದ ತಪ್ಪಿಸಲಿಲ್ಲ, ಮರಣದ ಮೂಲಕ ಎಬ್ಬಿಸಿದರು.

ಧರ್ಮಸಭೆಯ ಬೋಧನೆ

ಜಗದ್ಗುರು ಎರಡನೇ ಜಾನ್ ಪಾಲ್ 1984ರ 'ಸಾಲ್ವಿಫಿಚಿ ದೊಲೊರಿಸ್' ಪತ್ರದಲ್ಲಿ ಸಂಕಟಕ್ಕೆ ಎರಡು ಕರ್ತವ್ಯಗಳನ್ನು ಜೋಡಿಸುತ್ತಾರೆ: ಸಂಕಟಪಡುವವನು ಅದನ್ನು ಕ್ರಿಸ್ತನೊಂದಿಗೆ ಅರ್ಪಿಸುವುದು, ಉಳಿದವರು ಒಳ್ಳೆಯ ಸಮಾರಿತನಂತೆ ಅದನ್ನು ಪರಿಹರಿಸಲು ದುಡಿಯುವುದು. ಮೊದಲನೆಯದನ್ನು ಬೋಧಿಸಿ ಎರಡನೆಯದನ್ನು ಬಿಟ್ಟರೆ ನಮ್ಮ ಬೋಧನೆ ಅರ್ಧವಾಗುತ್ತದೆ.

ಹದಿನಾರನೇ ಬೆನೆಡಿಕ್ಟರ 2007ರ 'ಸ್ಪೆ ಸಾಲ್ವಿ' ವಿಯೆಟ್ನಾಮಿನ ಕಾರ್ಡಿನಲ್ ವಾನ್ ತ್ವಾನ್ ಅವರನ್ನು ನೆನೆಯುತ್ತದೆ. 1975ರಲ್ಲಿ ಬಂಧಿತರಾದ ಇವರು 13 ವರ್ಷ ಸೆರೆಯಲ್ಲಿದ್ದರು, ಅದರಲ್ಲಿ 9 ವರ್ಷ ಏಕಾಂತ ಸೆರೆ. ಹೊಟ್ಟೆನೋವಿನ ಔಷಧವೆಂದು ಕಳುಹಿಸಿದ ದ್ರಾಕ್ಷಾರಸದ ಮೂರು ಹನಿ ಮತ್ತು ನೀರಿನ ಒಂದು ಹನಿಯನ್ನು ಅಂಗೈಯಲ್ಲಿಟ್ಟು ಅವರು ಬಲಿಪೂಜೆ ಅರ್ಪಿಸುತ್ತಿದ್ದರು. 2025ರ ಜುಬಿಲಿ ವರ್ಷಕ್ಕೆ ಜಗದ್ಗುರು ಫ್ರಾನ್ಸಿಸ್ ಆರಿಸಿದ ವಿಷಯವೂ ಭರವಸೆಯೇ.

ಧರ್ಮಕೇಂದ್ರಗಳಲ್ಲಿ ನಾವು ಮಾಡಬಹುದಾದದ್ದು

ಗುರ್ಕಾರರು, ಧರ್ಮೋಪದೇಶಕರು, ರೋಗಿಗಳನ್ನು ಭೇಟಿ ಮಾಡುವವರು ಗಮನಿಸಬೇಕಾದ ಕೆಲವು ಅಂಶಗಳು:

1. ಮೊದಲು ಕುಳಿತುಕೊಳ್ಳಿ, ಆಮೇಲೆ ಮಾತು. ಯೋಬನ ಗೆಳೆಯರು ಏಳು ದಿನ ಮೌನವಾಗಿ ಕುಳಿತದ್ದು ಸರಿಯಾಗಿತ್ತು; ಅವರು ತಪ್ಪಿದ್ದು ಬಾಯಿ ತೆರೆದ ಮೇಲೆ.

2. ರೋಗವನ್ನು ಪಾಪದ ಶಿಕ್ಷೆ ಎಂದು ಹೇಳಬೇಡಿ. ಹುಟ್ಟುಕುರುಡನ ವಿಷಯದಲ್ಲಿ ಯೇಸುಸ್ವಾಮಿ ಆ ಲೆಕ್ಕಾಚಾರವನ್ನು ತಳ್ಳಿಹಾಕಿದ್ದಾರೆ. ಮಗುವನ್ನು ಕಳೆದುಕೊಂಡ ತಾಯಿಗೆ ಎಲ್ಲವೂ ದೇವರ ಚಿತ್ತ ಎಂದು ಆ ಗಳಿಗೆಯಲ್ಲಿ ಹೇಳುವುದು ಸಾಂತ್ವನವಾಗುವುದಿಲ್ಲ.

3. ಮರಣದ ಮನೆಗೆ ಮೊದಲ ದಿನ ಎಲ್ಲರೂ ಬರುತ್ತಾರೆ. ತಿಂಗಳು ಕಳೆದ ಮೇಲೆ ಹೋಗುವವರು ಬೇಕು. ಕಿರು ಕ್ರೈಸ್ತ ಸಮುದಾಯದ ಸಭೆಗಳಲ್ಲಿ ಇದಕ್ಕೆ ಸರದಿ ಗೊತ್ತುಮಾಡಬಹುದು.

4. ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಕೊನೆಯುಸಿರಿನ ತನಕ ಮುಂದೂಡಬೇಡಿ. ಗಂಭೀರ ಕಾಯಿಲೆ, ದೊಡ್ಡ ಶಸ್ತ್ರಚಿಕಿತ್ಸೆ, ಮುಪ್ಪಿನ ನಿತ್ರಾಣ ಇರುವಾಗಲೂ ಅದನ್ನು ಪಡೆಯಬಹುದು.

5. ಆಸ್ಪತ್ರೆಯ ಬಿಲ್ಲು, ಸಾಲದ ಕಂತು, ಮಕ್ಕಳ ಶುಲ್ಕದ ಬಗ್ಗೆ ಕೇಳಲು ಸಂಕೋಚ ಬೇಡ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಂಥ ಸಂಘಗಳು ಇರುವುದೇ ಇದಕ್ಕಾಗಿ.

6. ನೋವಿನಿಂದ ಪೂಜೆಗೆ ಬರುವುದನ್ನು ನಿಲ್ಲಿಸಿದವರನ್ನು ಗದರಿಸಬೇಡಿ. ಅವರೇ ನಮ್ಮ ಕಾಲದ ಬಾಗಿದವರು. ಬಾಗಿಲು ತೆರೆದಿದೆ ಎಂಬ ಸುದ್ದಿ ಅವರಿಗೆ ತಲುಪಲಿ.

ಶ್ರೀರಂಗಪಟ್ಟಣದಿಂದ ಘಟ್ಟ ಇಳಿದು ಬಂದವರಿಗೆ ಊರಿನಲ್ಲಿ ದೇವಾಲಯವಿರಲಿಲ್ಲ, ಎಷ್ಟೋ ಮನೆಗಳಲ್ಲಿ ಕಾಯುವವರೂ ಇರಲಿಲ್ಲ. ಆದರೂ ಅವರು ಬಂದರು, ನೇಗಿಲು ಹಿಡಿದರು, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿದರು. ನಾವು ಇಂದು ಹೇಳುವ ಆಮೆನ್ ಅವರಿಂದ ನಮಗೆ ಬಂದದ್ದು. ಈ ವಾರ ನಿಮ್ಮ ವಾರ್ಡಿನಲ್ಲಿ ಯಾರ ಮನೆಯ ಬಾಗಿಲು ಬಹಳ ದಿನದಿಂದ ಮುಚ್ಚಿದೆ ಎಂದು ನೋಡಿ, ದಯವಿಟ್ಟು ಅಲ್ಲಿಗೆ ಹೋಗಿ.