ಬೆಟ್ಟದ ಶಾಸನ, ಕೋರ್ಟಿನ ತೀರ್ಪು

ಶ್ರವಣಬೆಳಗೊಳದ ಚಂದ್ರಗಿರಿ ಹತ್ತಿದರೆ ಬಂಡೆಗಳ ಮೇಲೆ ಸಲ್ಲೇಖನದ ಶಾಸನಗಳು ಕಾಣುತ್ತವೆ. ಹಳೆಯದಕ್ಕೆ ಸುಮಾರು 1400 ವರ್ಷ. ಆಹಾರ ಬಿಟ್ಟು ದೇಹ ತ್ಯಜಿಸಿದವರನ್ನು ನಮ್ಮ ನಾಡು ಗೌರವದಿಂದ ನೆನೆದ ದಾಖಲೆ ಅದು. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಇದೇ ವ್ರತವನ್ನು ಆತ್ಮಹತ್ಯೆ ಅಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟು ತಡೆ ಕೊಟ್ಟಿತು.

ಜೈನರ ವ್ರತ ಉಳಿಯಿತು, ಸರಿ. ಮಿಕ್ಕವರ ಕಥೆ? 2018ರಲ್ಲಿ ಸುಪ್ರೀಂ ಕೋರ್ಟು, ಗುಣವಾಗದ ಸ್ಥಿತಿಯಲ್ಲಿ ಕೃತಕ ಜೀವಾಧಾರ ಬೇಡ ಅಂತ ವಯಸ್ಕರು ಯಾರೇ ಆಗಲಿ ಮೊದಲೇ ಬರೆದಿಡಬಹುದು ಎಂದಿತು. ಆಧಾರ ಧರ್ಮಗ್ರಂಥವಲ್ಲ, ಸಂವಿಧಾನದ 21ನೇ ವಿಧಿ.

ನನಗೆ ನ್ಯಾಯ ಅನ್ನಿಸೋದು ಇದೇ. ಜೀವ ದೇವರದ್ದು ಅನ್ನುವವರು ವೆಂಟಿಲೇಟರ್ ಬೇಕು ಅಂದರೆ ಕೊಡೋಣ. ಪಕ್ಕದ ಹಾಸಿಗೆಯವರ ಮೇಲೆ ಅದನ್ನೇ ಕಾನೂನು ಮಾಡಿ ಹೇರೋದು ಬೇಡ. ವ್ರತವೂ ಅಷ್ಟೇ ನೋಡಿ: ತಾನೇ ಕೈಗೊಂಡರೆ ವ್ರತ, ಹೇರಿದರೆ ಶಿಕ್ಷೆ.