ಬಿಳಿ ಪುಡಿಯ ಜಾತಕ

ಕಳೆದ ವರ್ಷ ನಾನು ತಯಾರಿಸಿದ ಟೈಟಾನಿಯಂ ಡೈಆಕ್ಸೈಡ್ ಪುಡಿಯೊಂದು ಮೆಥಿಲೀನ್ ಬ್ಲೂ ಬೆರೆತ ನೀರನ್ನು ದೀಪದ ಬೆಳಕಿನಲ್ಲಿ ಒಂದೇ ಗಂಟೆಯಲ್ಲಿ ತಿಳಿಯಾಗಿಸಿತು. ಅದನ್ನೇ ಮತ್ತೆ ಮಾಡಿದೆ. ಈ ಸಲ ನೀರು ಸಂಜೆಯಾದರೂ ನೀಲಿಯಾಗಿಯೇ ಇತ್ತು. ಎಲ್ಲಿ ತಪ್ಪಿದೆನೆಂದು ಹುಡುಕುತ್ತ ಈ ಪುಡಿಯ ಚರಿತ್ರೆಗೆ ಇಳಿದೆ.

ಇದರ ಮೊದಲ ಖ್ಯಾತಿ ಬಣ್ಣದ ಕಾರ್ಖಾನೆಗಳಲ್ಲಿ. ಬಿಳಿ ಬಣ್ಣಕ್ಕೆ ಇದಕ್ಕಿಂತ ಒಳ್ಳೆಯದಿರಲಿಲ್ಲ. ಆದರೆ ಬಿಸಿಲಿಗೆ ಬಿದ್ದ ಬಣ್ಣ ಸುಣ್ಣದಂತೆ ಉದುರುತ್ತಿತ್ತು. ಬೆಳಕು ಹೀರಿದ ಪುಡಿ ತನ್ನನ್ನು ಹಿಡಿದಿಟ್ಟ ಅಂಟನ್ನೇ ತಿನ್ನುತ್ತಿತ್ತು. ಅನಟೇಸ್ ರೂಪಕ್ಕೆ ಈ ಚಾಳಿ ಹೆಚ್ಚು, ರೂಟೈಲ್‌ಗೆ ಕಡಿಮೆ. ಎರಡರ ರಾಸಾಯನಿಕ ಸೂತ್ರವೂ ಒಂದೇ. ಪರಮಾಣುಗಳ ಜೋಡಣೆ ಮಾತ್ರ ಬೇರೆ.

ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಅಕಿರಾ ಫುಜಿಶಿಮಾ ವಿದ್ಯಾರ್ಥಿಯಾಗಿದ್ದಾಗ ನೀರಿನಲ್ಲಿಟ್ಟ ರೂಟೈಲ್ ಹರಳಿನ ಮೇಲೆ ಬೆಳಕು ಹಾಯಿಸಿದರು, ಆಮ್ಲಜನಕದ ಗುಳ್ಳೆಗಳೆದ್ದವು. ಗುರು ಕೆನಿಚಿ ಹೋಂಡಾ ಅವರೊಂದಿಗೆ ಬರೆದ ಲೇಖನ 1972ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಮರುವರ್ಷದ ತೈಲ ಬಿಕ್ಕಟ್ಟಿನಲ್ಲಿ ಜಗತ್ತು ಅದರತ್ತ ತಿರುಗಿತು. ಬಣ್ಣಕ್ಕೆ ಶಾಪವಾಗಿದ್ದ ಚಾಳಿ ವರವಾಯಿತು.

ಆಮೇಲಿನ ಕಥೆಯೆಲ್ಲ ಕುಲುಮೆಯದು. ಕಡಿಮೆ ಕಾಯಿಸಿದರೆ ಹರಳು ಸರಿಯಾಗಿ ಕಟ್ಟುವುದಿಲ್ಲ. ಬೆಳಕು ಎಬ್ಬಿಸಿದ ಎಲೆಕ್ಟ್ರಾನು ಕೆಲಸ ಮಾಡುವ ಮೊದಲೇ ಹರಳಿನ ದೋಷಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಚ್ಚು ಕಾಯಿಸಿದರೆ ಕಣಗಳು ಕೂಡಿ ದಪ್ಪಗಾಗುತ್ತವೆ, ಮೇಲ್ಮೈ ಕುಗ್ಗುತ್ತದೆ. ಸಾಮಾನ್ಯವಾಗಿ 600 ಡಿಗ್ರಿ ಸೆಲ್ಸಿಯಸ್‌ನ ಆಚೀಚೆ ಅನಟೇಸ್ ರೂಟೈಲ್ ಆಗತೊಡಗುತ್ತದೆ. ಜರ್ಮನಿಯ ಡೆಗುಸ್ಸಾ ಕಂಪನಿ ಜ್ವಾಲೆಯಲ್ಲಿ ತಯಾರಿಸಿದ ಪಿ25 ಎಂಬ ಪುಡಿಯಲ್ಲಿ ಅನಟೇಸ್ ಜೊತೆ ಒಂದಿಷ್ಟು ರೂಟೈಲೂ ಇದೆ. ಎಲ್ಲರೂ ತಮ್ಮ ಪುಡಿಯನ್ನು ಅದರೊಂದಿಗೇ ಹೋಲಿಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ಲೈಸೀನನ್ನು ಇಂಧನವಾಗಿಸಿ ದಹನ ವಿಧಾನದಲ್ಲಿ ಮಾಡಿದ ಪುಡಿಯ ಕಣಗಳು ಸುಮಾರು 8 ನ್ಯಾನೊಮೀಟರ್ ಇದ್ದವು. ಬಿಸಿಲಿನಲ್ಲಿ ಬಣ್ಣದ ನೀರನ್ನು ತಿಳಿಗೊಳಿಸುವುದರಲ್ಲಿ ಅದು ಪಿ25 ಅನ್ನೂ ಮೀರಿಸಿತೆಂದು 2004ರಲ್ಲಿ ಪ್ರಕಟವಾಯಿತು.

ಇದನ್ನೆಲ್ಲ ಓದಿ ನನ್ನ ನೋಟ್‌ಬುಕ್ ತೆರೆದೆ. '500 ಡಿಗ್ರಿ, 3 ಗಂಟೆ' ಎಂದಷ್ಟೇ ಇತ್ತು. ಜೆಲ್ ಎಷ್ಟು ದಿನ ಒಣಗಿತ್ತು, ನಿಮಿಷಕ್ಕೆ ಎಷ್ಟು ಡಿಗ್ರಿಯಂತೆ ಶಾಖ ಏರಿಸಿದ್ದೆ ಎಂಬುದು ಇರಲಿಲ್ಲ. ಆ ಒಳ್ಳೆಯ ಫಲಿತಾಂಶವನ್ನು ಪ್ರಬಂಧದಿಂದ ತೆಗೆದುಹಾಕಿದೆ; ಮತ್ತೆ ಮಾಡಿ ತೋರಿಸಲಾಗದ್ದನ್ನು ಬರೆಯುವುದು ಹೇಗೆ? ಈಗ ಕುಲುಮೆಯ ಬಾಗಿಲು ತೆಗೆದ ಹೊತ್ತನ್ನೂ ಬರೆದಿಡುತ್ತೇನೆ.