ಮಗುವಿಲ್ಲದ ಬಸಿರು: ಒಂದು ರೋಗದ ಚರಿತ್ರೆ

ಹಾಲೆಂಡಿನ ಹೇಗ್ ನಗರಕ್ಕೆ ಸೇರಿದ ಲೋಸ್‌ಡೌನೆನ್ ಚರ್ಚಿನಲ್ಲಿ ಎರಡು ಬೋಗುಣಿಗಳಿವೆ. 1276ರಲ್ಲಿ ತೀರಿಕೊಂಡ ಹೆನ್ನೆಬರ್ಗಿನ ಮಾರ್ಗರೆಟ್ ಎಂಬ ಸಿರಿವಂತೆ ಒಂದೇ ಹೆರಿಗೆಯಲ್ಲಿ 365 ಮಕ್ಕಳನ್ನು ಹೆತ್ತಳೆಂದೂ, ಅವಕ್ಕೆಲ್ಲ ಇವುಗಳಲ್ಲೇ ದೀಕ್ಷಾಸ್ನಾನವಾಯಿತೆಂದೂ ಐತಿಹ್ಯ. ಅವಳಿ ಮಕ್ಕಳನ್ನೆತ್ತಿಕೊಂಡು ಬೇಡಲು ಬಂದ ಬಡವಿಯ ಶೀಲವನ್ನು ಅವಳು ಶಂಕಿಸಿದಳಂತೆ. ಆ ತಾಯಿಯ ಶಾಪ ಫಲಿಸಿತಂತೆ. ಆ 'ಮಕ್ಕಳು' ದ್ರಾಕ್ಷಿ ಗೊಂಚಲಿನಂಥ ನೀರ್ಗುಳ್ಳೆಗಳಾಗಿದ್ದಿರಬೇಕು, ಅಂದರೆ ಅದು 'ಮೋಲಾರ್ ಗರ್ಭ' ಎಂದು ನಂತರದ ಕೆಲವು ವೈದ್ಯರು ಊಹಿಸಿದ್ದಾರೆ. ಊಹೆ ನಿಜವಿರಲಿ, ಇಲ್ಲದಿರಲಿ, ಕಥೆ ಕೊಡುವ ತೀರ್ಪನ್ನು ಗಮನಿಸಿ: ತಪ್ಪು ಹೆಣ್ಣಿನದೇ.

ಈ ರೋಗದಲ್ಲಿ ಮುಟ್ಟು ನಿಲ್ಲುತ್ತದೆ, ವಾಕರಿಕೆ ಬರುತ್ತದೆ, ಬಸಿರಿನ ಪರೀಕ್ಷೆಯೂ ಹೌದೆನ್ನುತ್ತದೆ. ಆದರೆ 'ಪೂರ್ಣ ಮೋಲ್' ಎಂಬ ಬಗೆಯಲ್ಲಿ ಮಗುವೇ ಇರುವುದಿಲ್ಲ, ಮಾಸಿನ ಅಂಗಾಂಶವಷ್ಟೇ ಬೆಳೆಯುತ್ತದೆ. ಅದರ ವರ್ಣತಂತುಗಳೆಲ್ಲ ತಂದೆಯ ಕಡೆಯವೆಂದು 1977ರಲ್ಲಿ ಜಪಾನಿನ ಕಾಜಿ ಮತ್ತು ಓಹಾಮಾ ತೋರಿಸಿದರು. ಹಾಗೆಂದು ಈಗ ಗಂಡನನ್ನು ದೂರುವಂತೆಯೂ ಇಲ್ಲ. ಇದು ಫಲೀಕರಣದ ಹೊತ್ತಿನ ಆಕಸ್ಮಿಕ, ಯಾರ ನಡತೆಗೂ ಸಂಬಂಧಿಸಿದ್ದಲ್ಲ.

ಕೆಲವರಲ್ಲಿ ಇದು ಕೋರಿಯೋಕಾರ್ಸಿನೋಮ ಎಂಬ ಕ್ಯಾನ್ಸರಾಗಿ ಶ್ವಾಸಕೋಶಕ್ಕೂ ಹರಡುತ್ತದೆ. ಹಿಂದೆ ಗರ್ಭಕೋಶವನ್ನೇ ತೆಗೆದರೂ ಹಲವರು ಉಳಿಯುತ್ತಿರಲಿಲ್ಲ. 1956ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಸ್ ಮೆಥೊಟ್ರೆಕ್ಸೇಟ್ ಔಷಧದಿಂದ ಗುಣ ಕಂಡದ್ದನ್ನು ಪ್ರಕಟಿಸಿದರು. ಈ ಬಗೆಯ ಔಷಧಗಳು ರೂಪುಗೊಂಡ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1948ರಲ್ಲೇ ತೀರಿಕೊಂಡ ಅವರು ಈ ಸುದ್ದಿ ಕೇಳಲಿಲ್ಲ. ಗಡ್ಡೆ ಕಣ್ಣಿಗೆ ಕಾಣದಿದ್ದರೂ ಬಸಿರಿನ ಹಾರ್ಮೋನ್ ಇರುವ ತನಕ ಚಿಕಿತ್ಸೆ ನಿಲ್ಲಿಸಬಾರದೆಂದು ಹಟ ಹಿಡಿದ ಲೀ ಆ ಸಂಸ್ಥೆಯನ್ನೇ ಬಿಡಬೇಕಾಯಿತು. 1972ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು.

ಜೀವ ಉಳಿಯಿತು, ಗರ್ಭಕೋಶವೂ ಉಳಿಯಿತು. ಆದರೆ ಮತ್ತೆ ಬಸಿರಾದರೆ ಅದೇ ಹಾರ್ಮೋನ್ ಏರುವುದರಿಂದ ರೋಗ ಮರುಕಳಿಸಿದ್ದು ತಿಳಿಯುವುದಿಲ್ಲ. ಆದ್ದರಿಂದ ತಿಂಗಳುಗಟ್ಟಲೆ ಗರ್ಭ ಧರಿಸಬೇಡಿ ಎಂಬ ಸಲಹೆ. ಬ್ರಿಟನ್ನಿನಲ್ಲಿ 1973ರಿಂದ ಇಂಥ ಮಹಿಳೆಯರ ಹೆಸರು ನೋಂದಾಯಿಸಿ, ಅಂಚೆಯಲ್ಲಿ ಮಾದರಿ ತರಿಸಿಕೊಂಡು ಪರೀಕ್ಷಿಸುವ ವ್ಯವಸ್ಥೆ ಬಂತು. ಮಗುವನ್ನು ಕಳೆದುಕೊಂಡ ದುಃಖದ ಮೇಲೆ ಕ್ಯಾನ್ಸರಿನ ಭಯ. ಅತ್ತರೆ, ಇಲ್ಲದ ಮಗುವಿಗೆ ಅಳುವುದೇಕೆ ಎನ್ನುವ ಜನ. ಇನ್ನೊಂದು ಮಗು ಬೇಗ ಬೇಕೆನ್ನುವ ದಂಪತಿಗಂತೂ ಆ ಕಾಯುವಿಕೆಯೇ ದೊಡ್ಡ ಶಿಕ್ಷೆ.

ಆಕೆಯ ಮನಸ್ಸನ್ನು ವಿಚಾರಿಸುವ ಕೆಲಸ ತಡವಾಗಿ ಆರಂಭವಾಯಿತು. ಬಾಸ್ಟನ್ನಿನ ತಜ್ಞರು ಪಾಲ್ಗೊಂಡು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆತಂಕ, ಸಿಟ್ಟು, ಬಳಲಿಕೆ, ದಾಂಪತ್ಯ ಸುಖದಲ್ಲಿ ತೊಡಕುಗಳು ಕಂಡುಬಂದವು. ರೋಗ ವಾಸಿಯಾದವರನ್ನೂ ಮುಂದಿನ ಬಸಿರಿನ ಚಿಂತೆ ಬಿಟ್ಟಿರಲಿಲ್ಲ. ಒಮ್ಮೆ ಮೋಲ್ ಆದವರಲ್ಲಿ ಅದು ಮರುಕಳಿಸುವುದು ನೂರಕ್ಕೆ ಸುಮಾರು ಒಬ್ಬರಿಗೆ ಮಾತ್ರ.